ಪೂರ್ವಪಕ್ಷವಿಲ್ಲದ ಪ್ರಬಂಧ

ವಿದ್ಯಾರ್ಥಿಗೆ ಪ್ರಬಂಧ ಬರೆಯಲು ಕಲಿಸುವುದು ಭಾಷಾಶಿಕ್ಷಣದ ಒಂದು ಅಂಗವೆಂದು ಎಲ್ಲರೂ ತಿಳಿದಿದ್ದಾರೆ. ಅದು ಸತ್ಯವ್ರತದ ಅಭ್ಯಾಸವೂ ಹೌದೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಅವುಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಖೋಟಾ ಪತ್ರ, ಸುಳ್ಳು ಲೆಕ್ಕ ಬರೆಯುವುದು ಎಂದು ಅದನ್ನು ಅಂಗಡಿಯ ವ್ಯವಹಾರಕ್ಕೆ ಸೀಮಿತಗೊಳಿಸಿ ವಿವರಿಸುವುದು ವಾಡಿಕೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಕೊಡುವ ಲಕ್ಷಣ ಇದಕ್ಕಿಂತ ವಿಶಾಲವಾದುದು. ಮತ್ತೊಬ್ಬನು ಆಡದ ಮಾತನ್ನು ಆಡಿದನೆಂದೂ, ಮಾಡದ ಕಾರ್ಯವನ್ನು ಮಾಡಿದನೆಂದೂ ವಂಚನೆಗಾಗಿ ಬರೆಯುವುದು ಕೂಟಲೇಖವೆಂಬುದು ಅದರ ತಾತ್ಪರ್ಯ. ಈ ಲಕ್ಷಣವನ್ನು ಮುಂದಿಟ್ಟುಕೊಂಡು ಶಾಲೆಗಳಲ್ಲಿ ಕಲಿಸುವ ಪ್ರಬಂಧಗಳನ್ನೂ, ಮಹಾವೀರ ಜಯಂತಿಯಂದು ಬಸದಿಗಳ ಆಶ್ರಯದಲ್ಲಿ ನಡೆಯುವ ಪ್ರಬಂಧ ಸ್ಪರ್ಧೆಗಳನ್ನೂ ಪರಿಶೀಲಿಸಿದರೆ ಸಮಾಧಾನಪಡುವಂತಹ ಸ್ಥಿತಿ ಕಾಣುವುದಿಲ್ಲ. ವಿದ್ಯಾರ್ಥಿಯ ಮನಸ್ಸಿನಲ್ಲಿ ವಂಚನೆಯ ಉದ್ದೇಶ ಇರುವುದಿಲ್ಲ, ನಿಜ. ಆದರೆ ಎದುರಾಳಿಯ ಮಾತನ್ನು ಕೇಳದೆಯೇ ಬರೆದುಬಿಡುವ ಅಭ್ಯಾಸವನ್ನು ಶಿಕ್ಷಣವೇ ಅವನಲ್ಲಿ ಬೆಳೆಸುತ್ತಿದೆ.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಭಾಗಗಳ ಚೌಕಟ್ಟು ಕರ್ನಾಟಕದ ಪ್ರತಿಯೊಬ್ಬ ವಿದ್ಯಾರ್ಥಿಗೂ ಪರಿಚಿತ. ಈ ಚೌಕಟ್ಟಿನಲ್ಲಿ ದೋಷವಿಲ್ಲ. ಅದರೊಳಗೆ ತುಂಬುವ ವಿಷಯದ ಆಯ್ಕೆಯಲ್ಲಿ ದೋಷವಿದೆ. ನಿರುದ್ಯೋಗ, ವರದಕ್ಷಿಣೆ, ಭ್ರಷ್ಟಾಚಾರ ಮೊದಲಾದುವನ್ನು ‘ಸಾಮಾಜಿಕ ಪಿಡುಗುಗಳು’ ಎಂಬ ಶೀರ್ಷಿಕೆಯ ಕೆಳಗೆ ಬರೆಸಲಾಗುತ್ತದೆ. ಪಿಡುಗು ಎಂದು ಕರೆದ ಮೇಲೆ ವಾದಿಸಲು ಏನೂ ಉಳಿಯುವುದಿಲ್ಲ. ಪಿಡುಗಿನ ಪರವಾಗಿ ನಿಲ್ಲುವವರು ಯಾರೂ ಇಲ್ಲ. ವಿದ್ಯಾರ್ಥಿಯು ಕಾರಣಗಳನ್ನು ಪಟ್ಟಿಮಾಡಿ, ಪರಿಹಾರಗಳನ್ನು ಸೂಚಿಸಿ, ಯುವಜನರಿಗೆ ಕರೆಕೊಟ್ಟು ಮುಗಿಸುತ್ತಾನೆ. ಇಬ್ಬರು ಸಜ್ಜನರು ಒಂದೇ ವಿಷಯದಲ್ಲಿ ಭಿನ್ನವಾಗಿ ಯೋಚಿಸಬಹುದು, ಇಬ್ಬರ ಬಳಿಯೂ ಕಾರಣಗಳಿರಬಹುದು ಎಂಬ ಅನುಭವ ಅವನಿಗೆ ಲೇಖನಿಯ ಮೂಲಕ ಎಂದೂ ಆಗುವುದಿಲ್ಲ. ಚರ್ಚಾಸ್ಪರ್ಧೆಯಲ್ಲಿ ಪರ, ವಿರೋಧ ಎಂಬ ವಿಭಾಗವಿದೆ. ಆದರೆ ಅಲ್ಲಿ ಪಕ್ಷವು ಚೀಟಿಯೆತ್ತಿ ಬರುತ್ತದೆ, ಗೆಲುವು ಕಂಠಬಲದಿಂದ ಬರುತ್ತದೆ.

ಕಾವೇರಿ ಜಲವಿವಾದವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 1991ರ ಡಿಸೆಂಬರ್‌ನಲ್ಲಿಯೂ 2016ರ ಸೆಪ್ಟೆಂಬರ್‌ನಲ್ಲಿಯೂ ಈ ವಿವಾದ ಬೀದಿಗೆ ಬಂದು ಹಿಂಸೆಯಾಗಿ ಪರಿಣಮಿಸಿತು. ಮಂಡ್ಯದ ವಿದ್ಯಾರ್ಥಿಗೆ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಗೊತ್ತು. ಮೆಟ್ಟೂರಿನಿಂದ ಜೂನ್ ತಿಂಗಳಿನಲ್ಲಿ ನೀರು ಬಿಟ್ಟರೆ ಮಾತ್ರ ತಂಜಾವೂರಿನ ರೈತ ಕುರುವೈ ಭತ್ತವನ್ನು ಸಕಾಲಕ್ಕೆ ನಾಟಿಮಾಡಬಲ್ಲನೆಂಬುದು ಗೊತ್ತಿಲ್ಲ. ತಂಜಾವೂರಿನ ವಿದ್ಯಾರ್ಥಿಗೆ ಇದು ಗೊತ್ತು. ಬೆಂಗಳೂರಿನ ಕುಡಿಯುವ ನೀರಿನ ಪ್ರಶ್ನೆ ಅವನ ಪಾಲಿಗೆ ನೆಪವಾಗಿ ಕಾಣುತ್ತದೆ. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 14.75 ಟಿ.ಎಂ.ಸಿ. ಅಡಿಯಷ್ಟು ಹೆಚ್ಚಿಸಿತು. ಅದರಲ್ಲಿ 4.75 ಟಿ.ಎಂ.ಸಿ. ಬೆಂಗಳೂರಿನ ಕುಡಿಯುವ ಮತ್ತು ಗೃಹಬಳಕೆಯ ನೀರಿಗೆ ಸಂಬಂಧಿಸಿದ್ದು. ಉಳಿದ 10 ಟಿ.ಎಂ.ಸಿ.ಯನ್ನು ತಮಿಳುನಾಡಿನ ಮುಖಜಭೂಮಿಯ ಅಂತರ್ಜಲವನ್ನು ಗಣನೆಗೆ ತೆಗೆದುಕೊಂಡು ನೀಡಲಾಯಿತು. ಇಷ್ಟನ್ನು ತಿಳಿದು ಬರೆದವನ ಪ್ರಬಂಧಕ್ಕೂ, ‘ನೀರು ನಮ್ಮ ಹಕ್ಕು’ ಎಂದು ಹತ್ತು ಸಲ ಬರೆದವನ ಪ್ರಬಂಧಕ್ಕೂ ಇರುವ ಅಂತರ ಬರಿಯ ಮಾಹಿತಿಯ ಅಂತರವಲ್ಲ. ಮೊದಲನೆಯವನು ಎದುರಿನ ಮನುಷ್ಯನನ್ನು ಕಂಡಿದ್ದಾನೆ.

ಪರಂಪರೆಯ ಎರಡು ಮಾದರಿಗಳು

ಎದುರಿನ ಪಕ್ಷವನ್ನು ಮೊದಲು ಹೇಳಿ ಅನಂತರ ತನ್ನ ಪಕ್ಷವನ್ನು ಸ್ಥಾಪಿಸುವ ಪೂರ್ವಪಕ್ಷ, ಉತ್ತರಪಕ್ಷಗಳ ಕ್ರಮ ಭಾರತದ ಎಲ್ಲ ದರ್ಶನಗಳಿಗೂ ಸಾಮಾನ್ಯವಾದುದು. ಜೈನಾಚಾರ್ಯರು ಇದಕ್ಕೆ ಕೊಟ್ಟ ಕಾಣಿಕೆ ವಿಶೇಷವಾದುದು. ಎಂಟನೆಯ ಶತಮಾನದ ಹರಿಭದ್ರಸೂರಿಗಳು ಷಡ್ದರ್ಶನಸಮುಚ್ಚಯದಲ್ಲಿ ಬೌದ್ಧ, ನ್ಯಾಯ, ಸಾಂಖ್ಯ, ಜೈನ, ವೈಶೇಷಿಕ, ಜೈಮಿನೀಯ ಮತಗಳನ್ನು ಒಂದರ ನಂತರ ಒಂದರಂತೆ ಅವುಗಳ ದೇವತೆ, ತತ್ತ್ವ, ಪ್ರಮಾಣಗಳೊಡನೆ ಸಂಗ್ರಹಿಸಿ, ಲೋಕಾಯತಕ್ಕೂ ಸ್ಥಾನ ಕೊಟ್ಟರು. ಅಲ್ಲಿ ಖಂಡನೆಯಿಲ್ಲ. ಖಂಡಿಸುವ ಶಕ್ತಿ ಅವರಿಗೆ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಅದೇ ಆಚಾರ್ಯರು ಅನೇಕಾಂತಜಯಪತಾಕೆಯಲ್ಲಿ ಏಕಾಂತವಾದಗಳನ್ನು ತೀಕ್ಷ್ಣವಾಗಿ ಎದುರಿಸಿದ್ದಾರೆ. ಒಬ್ಬನೇ ಗ್ರಂಥಕಾರನ ಈ ಎರಡು ಕೃತಿಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ಒಂದು ಶಿಕ್ಷಣಕ್ರಮವೇ ಗೋಚರಿಸುತ್ತದೆ. ಇತರರ ಮತವನ್ನು ಅವರೇ ಒಪ್ಪುವಂತೆ ಹೇಳಬಲ್ಲವನಿಗೆ ಅದನ್ನು ಅಲ್ಲಗಳೆಯುವ ಅಧಿಕಾರ ಬರುತ್ತದೆ.

ಕನ್ನಡದ ಜೈನ ಸಾಹಿತ್ಯದಲ್ಲಿ ಬೇರೊಂದು ಮಾದರಿಯೂ ಇದೆ. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಾಗದು. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ಸಮಯಪರೀಕ್ಷೆಯು ಅನ್ಯಮತಗಳ ನಂಬಿಕೆ, ಆಚರಣೆಗಳನ್ನು ವಿಡಂಬಿಸುವ ಕೃತಿ. ಅಂದಿನ ಜನಜೀವನದ ಎಷ್ಟೋ ವಿವರಗಳು ಅದರಲ್ಲಿ ಸಂಗ್ರಹವಾಗಿರುವುದರಿಂದ ಚರಿತ್ರಕಾರರಿಗೆ ಅದು ನಿಧಿಯಂತಿದೆ. ಅದರ ಹಾಸ್ಯಕ್ಕೆ ಮೊನೆಯೂ ಇದೆ. ವಾದಗ್ರಂಥವಾಗಿ ನೋಡಿದಾಗ ಮಾತ್ರ ಅದರ ಮಿತಿ ಎದ್ದು ಕಾಣುತ್ತದೆ: ಅಲ್ಲಿ ಎದುರಾಳಿಗೆ ತನ್ನ ನಂಬಿಕೆಯ ಕಾರಣವನ್ನು ಹೇಳುವ ಅವಕಾಶವೇ ಇಲ್ಲ. ಈಗಾಗಲೇ ಒಪ್ಪಿದವರಿಗೆ ಅದು ಸಂತೋಷ ಕೊಡುತ್ತದೆ. ಒಪ್ಪದವನ ಮನಸ್ಸನ್ನು ತಿರುಗಿಸುವುದು ಕಷ್ಟ.

ಹದಿನಾಲ್ಕನೆಯ ಶತಮಾನದ ವೃತ್ತವಿಲಾಸನ ಧರ್ಮಪರೀಕ್ಷೆಯು ಈ ಎರಡರ ನಡುವೆ ನಿಲ್ಲುತ್ತದೆ. ಮನೋವೇಗನು ಪಾಟಲಿಪುತ್ರದ ವಿದ್ವಾಂಸರ ಮುಂದೆ ಅಸಂಭವವಾದ ಕಥೆಗಳನ್ನು ಹೇಳುತ್ತಾನೆ. ಅವರು ನಂಬದಿದ್ದಾಗ, ಅಂಥವೇ ಸಂಗತಿಗಳು ಅವರ ಪುರಾಣಗಳಲ್ಲಿ ಇರುವುದನ್ನು ತೋರಿಸುತ್ತಾನೆ. ಎದುರಾಳಿ ಒಪ್ಪುವ ಪ್ರಮಾಣದಿಂದಲೇ ಅವನೊಡನೆ ವಾದಿಸಬೇಕೆಂಬ ತತ್ತ್ವವನ್ನು ಇಲ್ಲಿ ಕಲಿಯಬಹುದು. ಇಷ್ಟಾದರೂ ಆ ವಿದ್ವಾಂಸರು ಸೋಲುವುದಕ್ಕಾಗಿಯೇ ಬಂದವರು. ಕೃತಿಯ ನಿಜವಾದ ಬೆಲೆ ಇನ್ನೊಂದು ಕಡೆ ಇದೆ. ಮನೋವೇಗನ ಪ್ರಯತ್ನವೆಲ್ಲ ತನ್ನ ಸ್ನೇಹಿತ ಪವನವೇಗನಿಗಾಗಿ. ಆ ಸ್ನೇಹಿತ ಅವನ ಪಕ್ಕದಲ್ಲಿಯೇ ಇದ್ದು ಎಲ್ಲವನ್ನೂ ಕೇಳುತ್ತಿರುತ್ತಾನೆ. ವಾದವನ್ನು ಶತ್ರುವಿಗಾಗಿ ಬರೆಯದೆ, ಕಳೆದುಕೊಳ್ಳಲು ಮನಸ್ಸಿಲ್ಲದ ಸ್ನೇಹಿತನಿಗಾಗಿ ಬರೆಯಬೇಕೆಂದು ವಿದ್ಯಾರ್ಥಿಗೆ ಹೇಳಿದರೆ ಅವನ ಭಾಷೆ ತಾನಾಗಿ ಹದಕ್ಕೆ ಬರುತ್ತದೆ.

ಅನೇಕಾಂತದ ದುರುಪಯೋಗ

ಸಮಾಜದ ಸಂಘರ್ಷಗಳ ಪ್ರಸ್ತಾಪ ಬಂದಾಗ ಜೈನ ವಿದ್ಯಾರ್ಥಿಗಳ ಬರವಣಿಗೆಯಲ್ಲಿ ಮತ್ತೊಂದು ದೋಷ ಕಂಡುಬರುತ್ತದೆ. ಕುರುಡರು ಆನೆಯನ್ನು ಮುಟ್ಟಿದ ದೃಷ್ಟಾಂತವನ್ನು ಹೇಳಿ, ಎಲ್ಲರ ಮಾತಿನಲ್ಲಿಯೂ ಸತ್ಯವಿದೆಯೆಂದು ಬರೆದು, ನಿರ್ಣಯವನ್ನು ತಪ್ಪಿಸಿಕೊಳ್ಳುವುದು ರೂಢಿಯಾಗಿದೆ. ಈ ದೃಷ್ಟಾಂತದಲ್ಲಿ ಇಡೀ ಆನೆಯನ್ನು ಕಂಡವನೊಬ್ಬ ಇರಬೇಕು. ಇಲ್ಲವಾದರೆ ಉಳಿದವರು ಕಂಡದ್ದು ಅಂಶವೆಂದು ಹೇಳುವವರಾರು? ಪ್ರಬಂಧ ಬರೆಯುವ ಬಾಲಕ ತಿಳಿಯದೆಯೇ ಆ ಸರ್ವದರ್ಶಿಯ ಪೀಠದಲ್ಲಿ ಕುಳಿತಿರುತ್ತಾನೆ. ತಾನೂ ಆನೆಯ ಒಂದು ಭಾಗವನ್ನೇ ಮುಟ್ಟಿ ನಿಂತವನೆಂಬ ಅರಿವು ಅವನಿಗಿಲ್ಲ.

ಸ್ಯಾದ್ವಾದವು ಸಂಶಯವಾದವಲ್ಲವೆಂದು ಆಚಾರ್ಯರು ಪದೇಪದೇ ಎಚ್ಚರಿಸಿದ್ದಾರೆ. ‘ಸ್ಯಾತ್’ ಎಂಬುದಕ್ಕೆ ‘ಇರಬಹುದೇನೋ’ ಎಂಬ ಅರ್ಥವಿಲ್ಲ. ‘ಒಂದು ನಿರ್ದಿಷ್ಟ ಅಪೇಕ್ಷೆಯಿಂದ’ ಎಂಬ ಅರ್ಥವಿದೆ. ಯಾವ ಅಪೇಕ್ಷೆಯಿಂದ ಎಂಬುದನ್ನು ಹೇಳದೆ ಬಿಟ್ಟರೆ ಅದು ಸ್ಯಾದ್ವಾದವೇ ಆಗುವುದಿಲ್ಲ. ತನ್ನ ದೃಷ್ಟಿಯನ್ನು ಹೇಳುತ್ತಾ ಉಳಿದ ದೃಷ್ಟಿಗಳನ್ನು ಸಂಪೂರ್ಣವಾಗಿ ಅಲ್ಲಗಳೆಯುವುದು ದುರ್ನಯ. ಸಿದ್ಧಸೇನರ ಸನ್ಮತಿತರ್ಕವು ಬೇರೆ ಬೇರೆಯಾಗಿ ಹಟಹಿಡಿದು ನಿಂತ ನಯಗಳನ್ನು ಮಿಥ್ಯೆಯೆಂದೂ, ಪರಸ್ಪರ ಸಾಪೇಕ್ಷವಾದ ನಯಗಳನ್ನು ಸಮ್ಯಕ್ ಎಂದೂ ವಿವೇಚಿಸುತ್ತದೆ. ಆದ್ದರಿಂದ ‘ಕಾವೇರಿ ವಿವಾದದಲ್ಲಿ ಇಬ್ಬರೂ ಸರಿ’ ಎಂಬ ವಾಕ್ಯ ಅನೇಕಾಂತವಲ್ಲ, ಆಲಸ್ಯ. ಕುಡಿಯುವ ನೀರಿನ ಅಪೇಕ್ಷೆಯಿಂದ ಇಂಥ ಮಾತು ನಿಲ್ಲುತ್ತದೆ, ಬೆಳೆಯ ಕಾಲದ ಅಪೇಕ್ಷೆಯಿಂದ ಇಂಥದು ನಿಲ್ಲುತ್ತದೆ, ಮಳೆ ಕೈಕೊಟ್ಟ ವರ್ಷದ ಸಂಕಷ್ಟವನ್ನು ಹಂಚಿಕೊಳ್ಳುವ ಕ್ರಮ ಹೀಗಿರಬೇಕು ಎಂದು ಬರೆದರೆ ಅದು ನಯವಿವೇಕ. ಅದರ ಕೊನೆಯಲ್ಲಿ ನಿರ್ಣಯವೂ ಇರಬೇಕು.

ಒಂದು ಕಠಿಣ ಪರೀಕ್ಷೆ: ಸಲ್ಲೇಖನ

ಮತ್ತೊಬ್ಬರ ವಿವಾದದಲ್ಲಿ ನಿಷ್ಪಕ್ಷಪಾತಿಯಾಗುವುದು ಸುಲಭ. ತನ್ನ ಮನೆಯ ವಿವಾದದಲ್ಲಿ ಪೂರ್ವಪಕ್ಷವನ್ನು ಬರೆಯುವುದೇ ನಿಜವಾದ ಪರೀಕ್ಷೆ. 2006ರಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯದ ಮುಂದೆ ಬಂದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 2015ರ ಆಗಸ್ಟ್ 10ರಂದು ತೀರ್ಪು ಬಂದಿತು. ಸಂಥಾರಾ ಅಥವಾ ಸಲ್ಲೇಖನವನ್ನು ಆತ್ಮಹತ್ಯೆಯೆಂದು ಪರಿಗಣಿಸಬೇಕೆಂದೂ, ಅದಕ್ಕೆ ನೆರವಾದವರ ಮೇಲೆ ಪ್ರೇರಣೆಯ ಅಪರಾಧ ಹೊರಿಸಬಹುದೆಂದೂ ಅದರ ಪರಿಣಾಮವಾಗಿತ್ತು. ಆಗಸ್ಟ್ 24ರಂದು ದೇಶದ ಹಲವು ನಗರಗಳಲ್ಲಿ ಜೈನ ಸಮಾಜ ಮೌನ ಮೆರವಣಿಗೆ ನಡೆಸಿತು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು ಕ್ರಿ.ಶ. 600ರ ಕಾಲದಿಂದ ಸಮಾಧಿಮರಣದ ಶಾಸನಗಳನ್ನು ಓದುತ್ತಾ ಬಂದ ಸಮಾಜಕ್ಕೆ ಇದು ಆಘಾತವಾದುದು ಸಹಜ. ಆದರೆ ಆ ದಿನಗಳಲ್ಲಿ ನೆರೆಮನೆಯವರು, ಸಹಪಾಠಿಗಳು ಪ್ರಶ್ನಿಸಿದಾಗ ‘ಇದು ನಮ್ಮ ಧರ್ಮ’ ಎಂಬುದಕ್ಕಿಂತ ಹೆಚ್ಚಿನ ಉತ್ತರವನ್ನು ಎಷ್ಟು ಮನೆಗಳ ಮಕ್ಕಳು ಕೊಡಬಲ್ಲವರಾಗಿದ್ದರು?

ವಿರೋಧಿಸುವವರ ವಾದವನ್ನು ಅದರ ಪೂರ್ಣ ಬಲದೊಡನೆ ಬರೆದರೆ ಹೀಗಾಗುತ್ತದೆ: ಜೀವರಕ್ಷಣೆ ರಾಜ್ಯದ ಮೊದಲ ಕರ್ತವ್ಯ. ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲವೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠ ಹೇಳಿದೆ. 25ನೆಯ ವಿಧಿಯ ಧರ್ಮಸ್ವಾತಂತ್ರ್ಯವು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳಿಗೆ ಅಧೀನವಾದುದು. 1829ರಲ್ಲಿ ನಿಷಿದ್ಧವಾದ ಸತೀಪದ್ಧತಿಯನ್ನೂ ಧರ್ಮದ ಹೆಸರಿನಲ್ಲಿಯೇ ಸಮರ್ಥಿಸಲಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ವ್ರತ ಹಿಡಿದ ವೃದ್ಧರು ಮನೆಯವರ ಆಶ್ರಯದಲ್ಲಿರುವವರು. ವ್ರತದ ಸುದ್ದಿ ಹರಡಿ, ದರ್ಶನಕ್ಕೆ ಜನ ಬರತೊಡಗಿದ ಮೇಲೆ ಒಬ್ಬ ಅಜ್ಜಿಗೆ ಹಸಿವಾಯಿತೆಂದು ಹೇಳಿಕೊಳ್ಳುವ ಸ್ವಾತಂತ್ರ್ಯ ಉಳಿದಿರುತ್ತದೆಯೇ?

ಈ ಪೂರ್ವಪಕ್ಷವನ್ನು ಬರೆದರೆ ಶ್ರದ್ಧೆಗೆ ಕುಂದು ಬರುವುದೆಂಬ ಭಯ ಅನಗತ್ಯ. ಇದರ ಮೊದಲ ಭಾಗವನ್ನು ಪೂಜ್ಯಪಾದರೇ ಎತ್ತಿಕೊಂಡಿದ್ದಾರೆ. ಸ್ವಬುದ್ಧಿಯಿಂದ ಆಯುಷ್ಯವನ್ನು ನಿಲ್ಲಿಸುವುದು ಆತ್ಮವಧೆಯಾಗುವುದಿಲ್ಲವೇ ಎಂಬ ಆಕ್ಷೇಪವನ್ನು ತಾವೇ ಮುಂದಿಟ್ಟು, ರಾಗ, ದ್ವೇಷ, ಮೋಹಗಳಿಂದ ಕೂಡಿದ ಪ್ರಮಾದ ಇಲ್ಲದಿರುವುದರಿಂದ ಅದು ವಧೆಯಲ್ಲವೆಂದು ಉತ್ತರಿಸಿದ್ದಾರೆ. ಸರಕು ತುಂಬಿದ ಮನೆಗೆ ಆಪತ್ತು ಬಂದಾಗ ವರ್ತಕನು ಮೊದಲು ಮನೆಯನ್ನೇ ಉಳಿಸಲು ಯತ್ನಿಸುತ್ತಾನೆ, ಸಾಧ್ಯವಾಗದಿದ್ದಾಗ ಸರಕನ್ನು ಉಳಿಸುತ್ತಾನೆ ಎಂಬುದು ಅವರ ದೃಷ್ಟಾಂತ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂದು ಸಂದರ್ಭಗಳನ್ನು ಮಿತಿಗೊಳಿಸುತ್ತದೆ. ಬೇಗ ಸಾಯಬೇಕೆಂಬ ಆಸೆಯನ್ನು ತತ್ತ್ವಾರ್ಥಸೂತ್ರ ಸಲ್ಲೇಖನದ ಅತಿಚಾರಗಳಲ್ಲಿ ಸೇರಿಸಿದೆ. ಸಾವಿನ ಬಯಕೆಯೇ ದೋಷವಾಗಿರುವ ವ್ರತವನ್ನು ಆತ್ಮಹತ್ಯೆಯೊಡನೆ ಸಮೀಕರಿಸುವುದು ಹೇಗೆ ಎಂದು ವಿದ್ಯಾರ್ಥಿ ಧೈರ್ಯವಾಗಿ ಕೇಳಬಹುದು. 2018ರ ಮಾರ್ಚ್ 9ರ ತೀರ್ಪು ಗುಣವಾಗದ ರೋಗಿಯು ಕೃತಕ ಜೀವಾಧಾರವನ್ನು ನಿರಾಕರಿಸಲು ಅವಕಾಶ ಕೊಟ್ಟಿರುವುದನ್ನೂ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಸಾಮಾನ್ಯವಾಗಿ ಶಿಕ್ಷಿಸುವ ಹಳೆಯ 309ನೆಯ ಕಲಮು ಉಳಿದಿಲ್ಲದಿರುವುದನ್ನೂ ಅವನು ತನ್ನ ಪಕ್ಷಕ್ಕೆ ಸೇರಿಸಿಕೊಳ್ಳಬಹುದು. ಪ್ರೇರಣೆಯ ಅಪರಾಧ ಹೊಸ ಸಂಹಿತೆಯಲ್ಲಿಯೂ ಇದೆಯೆಂಬುದನ್ನು ಬಿಡದೆ ಹೇಳಬೇಕು.

ಇಲ್ಲಿಗೆ ಉತ್ತರ ಮುಗಿಯಿತೆಂದು ತಿಳಿದರೆ ಪ್ರಬಂಧ ಅರ್ಧದಲ್ಲಿ ನಿಂತಂತೆ. ಆಚಾರ್ಯರ ವಚನಗಳು ಸಲ್ಲೇಖನದ ಲಕ್ಷಣವನ್ನು ಹೇಳುತ್ತವೆ. ಹಸಿದ ಅಜ್ಜಿಯ ಪ್ರಶ್ನೆ ಆಚರಣೆಯನ್ನು ಕುರಿತದ್ದು. ಲಕ್ಷಣದಿಂದ ಆಚರಣೆಯ ಪ್ರಶ್ನೆಗೆ ಉತ್ತರ ಕೊಡಲಾಗದು. ಅದಕ್ಕೆ ಪರಂಪರೆಯ ಇನ್ನೊಂದು ಸಂಗತಿಯನ್ನು ನೆನೆಯಬೇಕು. ದೇವಚಂದ್ರನ ರಾಜಾವಳೀಕಥೆಯಲ್ಲಿ ಬರುವಂತೆ, ಭಸ್ಮಕವ್ಯಾಧಿಯಿಂದ ಬಳಲಿದ ಸಮಂತಭದ್ರರು ಸಲ್ಲೇಖನಕ್ಕೆ ಗುರುವಿನ ಅನುಮತಿ ಬೇಡಿದಾಗ ಗುರು ಅದನ್ನು ಕೊಡಲಿಲ್ಲ. ಸಲ್ಲೇಖನದ ಲಕ್ಷಣವನ್ನು ಬರೆದ ಆಚಾರ್ಯರಿಗೇ ‘ಬೇಡ’ ಎಂಬ ಉತ್ತರ ದೊರೆತಿತ್ತೆಂಬುದು ಅರ್ಥಪೂರ್ಣವಾದ ಕಥೆ. ಇಂದು ಅನುಮತಿ ಕೊಡುವವರು ಯಾರು, ನಿರಾಕರಿಸಿದ ಪ್ರಸಂಗಗಳುಂಟೇ, ವ್ರತಿಯನ್ನು ಏಕಾಂತದಲ್ಲಿ ವಿಚಾರಿಸುವ ಕ್ರಮವುಂಟೇ, ಮಧ್ಯದಲ್ಲಿ ಹಿಂದೆ ಸರಿದವರನ್ನು ಸಮಾಜ ಗೌರವದಿಂದ ಕಾಣುತ್ತದೆಯೇ — ಈ ಪ್ರಶ್ನೆಗಳನ್ನು ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಬರೆದ ವಿದ್ಯಾರ್ಥಿ ಮಾತ್ರ ಕೇಳಬಲ್ಲ. ಅವನ ಪ್ರಬಂಧ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಅದು ಮನೆಯ ಹಿರಿಯರ ಕೈಗೆ ಹೋಗುತ್ತದೆ. ಅಲ್ಲಿ ಅದರ ಅಗತ್ಯ ಇನ್ನೂ ಹೆಚ್ಚು.

ಎರಡು ಆಕ್ಷೇಪಗಳು

ಈ ಕ್ರಮಕ್ಕೂ ಪೂರ್ವಪಕ್ಷವಿದೆ. ಅನ್ಯಾಯವು ಸ್ಪಷ್ಟವಾಗಿರುವಾಗಲೂ ಎರಡು ಪಕ್ಷಗಳನ್ನು ಸಮನಾಗಿ ಬರೆಸಬೇಕೇ ಎಂಬುದು ಮೊದಲನೆಯ ಆಕ್ಷೇಪ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ ರದ್ದುಪಡಿಸಿದೆ. ಅದನ್ನು ಸಮರ್ಥಿಸಲು ಮಕ್ಕಳಿಗೆ ಹೇಳುವುದು, ಆ ನೋವನ್ನು ಉಂಡ ಮನೆಯ ಮಗುವನ್ನು ಅದೇ ತರಗತಿಯಲ್ಲಿ ಕೂರಿಸಿಕೊಂಡು ಹೇಳುವುದು, ಹಿಂಸೆಯೇ ಸರಿ. ಪೂರ್ವಪಕ್ಷದ ನಿಷ್ಠೆಯೆಂದರೆ ತೀರ್ಪಿನ ಸಮಾನತೆಯಲ್ಲ. ಅಸ್ಪೃಶ್ಯತೆಯನ್ನು ಅಂದಿನವರು ಯಾವ ಕಾರಣ ಕೊಟ್ಟು ಸಮರ್ಥಿಸಿಕೊಂಡರೆಂದು ಚರಿತ್ರೆಯಾಗಿ ತಿಳಿಯಬೇಕು. ಆ ಕಾರಣಗಳೇ ಬೇರೆ ವೇಷದಲ್ಲಿ ಬಂದಾಗ ಗುರುತಿಸಲು ಆ ತಿಳಿವಳಿಕೆ ಬೇಕು. ಉತ್ತರಪಕ್ಷ ಅಲ್ಲಿ ನಿಸ್ಸಂದಿಗ್ಧವಾಗಿರಬೇಕು. ಸಂಘರ್ಷಕ್ಕೆ ಸೇರಿದ ಸಮುದಾಯದ ಮಗುವನ್ನು ಅದರ ಪ್ರತಿನಿಧಿಯೆಂದು ಎಬ್ಬಿಸಿ ನಿಲ್ಲಿಸುವ ಅಧಿಕಾರವೂ ಯಾವ ಶಿಕ್ಷಕನಿಗೂ ಇಲ್ಲ.

ಇಂಥ ವಿಷಯಗಳನ್ನು ಮುಟ್ಟಿದರೆ ಶಿಕ್ಷಕನಿಗೆ ತೊಂದರೆ ಎಂಬುದು ಎರಡನೆಯ ಆಕ್ಷೇಪ. ಇದು ಪೊಳ್ಳು ಭಯವಲ್ಲ. ತರಗತಿಯ ಒಂದು ವಾಕ್ಯ ಸಂದರ್ಭದಿಂದ ಕಿತ್ತು ಹೊರಗೆ ಹೋದರೆ ಏನಾಗುವುದೆಂದು ಎಲ್ಲರಿಗೂ ಗೊತ್ತು. ಆದುದರಿಂದ ಹಳೆಯ ಸಂಘರ್ಷದಿಂದ ಹೊಸದಕ್ಕೆ ಬರುವುದು ಯುಕ್ತ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಬುಕ್ಕರಾಯನ ಶಾಸನ ಇದಕ್ಕೆ ತಕ್ಕ ಪಾಠ. ಭಕ್ತರಿಂದ ತಮಗೆ ಅನ್ಯಾಯವಾಯಿತೆಂದು ಭವ್ಯರು ಮಾಡಿಕೊಂಡ ಬಿನ್ನಹ ಅಲ್ಲಿ ದಾಖಲಾಗಿದೆ. ಯಾರ ದರ್ಶನ ಸತ್ಯವೆಂಬ ವಿಚಾರಕ್ಕೆ ಅರಸನು ಹೋಗುವುದಿಲ್ಲ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಹಿಂದಿನಂತೆಯೇ ಇದೆಯೆಂದು ನಿರ್ಣಯಿಸುತ್ತಾನೆ. ಜೈನದರ್ಶನಕ್ಕೆ ಬಂದ ಹಾನಿಯನ್ನು ವೈಷ್ಣವರು ತಮಗೇ ಬಂದ ಹಾನಿಯೆಂದು ಭಾವಿಸಬೇಕೆಂದು ವಿಧಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ, ಮನೆಗೊಂದು ಹಣ ಸಂಗ್ರಹಿಸಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಅಂಗರಕ್ಷಕರನ್ನು ನೇಮಿಸುವ, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ ವಹಿಸಲಾಗುತ್ತದೆ. ದೂರು, ನಿರ್ಣಯ, ಖರ್ಚು, ಹೊಣೆಗಾರ — ಇಷ್ಟೂ ಒಂದೇ ಬರಹದಲ್ಲಿದೆ. ‘ಎಲ್ಲರೂ ಸೌಹಾರ್ದದಿಂದ ಬಾಳೋಣ’ ಎಂಬ ಉಪಸಂಹಾರವನ್ನು ಬರೆದು ರೂಢಿಯಾದ ವಿದ್ಯಾರ್ಥಿಗೆ, ಸೌಹಾರ್ದಕ್ಕೆ ಲೆಕ್ಕವೂ ಕಾವಲೂ ಬೇಕೆಂದು ಈ ಶಾಸನ ತಿಳಿಸಿಕೊಡುತ್ತದೆ.

ಬಸದಿಗಳ ಆಡಳಿತ ಮಂಡಳಿಗಳೂ ವಿದ್ಯಾಸಂಸ್ಥೆಗಳನ್ನು ನಡೆಸುವ ಟ್ರಸ್ಟ್‌ಗಳೂ ಈ ದಿಸೆಯಲ್ಲಿ ಮಾಡಬಹುದಾದುದು ಬಹಳವಿದೆ. ಅದಕ್ಕೆ ಖರ್ಚು ಹೆಚ್ಚಿಲ್ಲ. ಜಯಂತಿಯ ಸ್ಪರ್ಧೆಗೆ ‘ಅಹಿಂಸೆಯ ಮಹತ್ವ’ದಂತಹ ವಿಷಯದ ಬದಲು ನಿಜವಾದ ಭಿನ್ನಾಭಿಪ್ರಾಯವಿರುವ ಒಂದು ಪ್ರಶ್ನೆಯನ್ನು ಕೊಡಬಹುದು. ಅರ್ಧ ಅಂಕಗಳನ್ನು ಪೂರ್ವಪಕ್ಷದ ನಿರೂಪಣೆಗೆ ಮೀಸಲಿಡಬಹುದು. ಆ ಭಾಗವನ್ನು ಆ ಪಕ್ಷದವರೊಬ್ಬರಿಗೇ ಓದಲು ಕೊಟ್ಟು, ‘ನಮ್ಮ ಮಾತು ಇದೇ ಹೌದು’ ಎಂದು ಅವರು ಒಪ್ಪಿದರೆ ಮಾತ್ರ ಅಂಕ ಕೊಡುವ ನಿಯಮವನ್ನು ತರಬಹುದು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಬರೆದವನಿಗೆ ಅಂಕ ಕಳೆಯದೆ ಇರಬಹುದು. ಭಾಷಾಸಮಿತಿಯು ಮುನಿಗಳಿಗೆ ಮಾತಿನಲ್ಲಿ ವಿಧಿಸಿದ ಎಚ್ಚರವನ್ನು ಶ್ರಾವಕರ ಮಕ್ಕಳು ಲೇಖನಿಯಲ್ಲಿ ಅಭ್ಯಾಸಮಾಡಲು ಇಷ್ಟು ಸಾಕು. ನಾಳೆ ಇನ್ನೊಂದು ತೀರ್ಪು ಬಂದಾಗ, ಇನ್ನೊಂದು ವಿವಾದ ಎದ್ದಾಗ, ಮೆರವಣಿಗೆಯಲ್ಲಿ ಮೌನವಾಗಿ ನಡೆಯಬಲ್ಲವರು ಸಮಾಜದಲ್ಲಿ ಸಾವಿರಾರು ಮಂದಿ ಇರುತ್ತಾರೆ. ಮರುದಿನ ಎದುರಿನವರ ಪಕ್ಕದಲ್ಲಿ ಕುಳಿತು ಬಾಯಿಬಿಟ್ಟು ಉತ್ತರ ಹೇಳಬಲ್ಲವರೂ ಕೆಲವರಾದರೂ ಬೇಕು.